ನಮ್ಮಲ್ಲಿ ಸರಿಯಾಗೇ ಇದೆಯಲ್ಲ!

ಫೋಟೋ ನೋಡುವ ಒಂದು ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ತಂತ್ರಾಂಶದಲ್ಲಿ ನನಗೊಂದು ಬಗ್, ಅಂದರೆ ದೋಷ, ಸಿಕ್ಕಿತ್ತು. ದೊಡ್ಡದೇನಲ್ಲ. ಅಡ್ಡ ಮಲಗಿದ ಫೋಟೋವನ್ನು ತಿರುಗಿಸಿ ನೆಟ್ಟಗೆ ನಿಲ್ಲಿಸಿ, ಆಮೇಲೆ ಬೇಡವೆನಿಸಿ ಡಿಲೀಟ್ ಒತ್ತಿದರೆ, ಮುಂದಿನ ಫೋಟೋ ಬರುವ ಬದಲು ಪಟ್ಟಿಯ ಮೊಟ್ಟಮೊದಲ ಫೋಟೋಗೆ ಹಾರುತ್ತಿತ್ತು. ಏಳುನೂರು ಫೋಟೋಗಳಲ್ಲಿ ಆರುನೂರನೆಯದರ ಹತ್ತಿರ ಬಂದಾಗ ಹೀಗಾದರೆ ಹೇಗಿರುತ್ತೆ ಹೇಳಿ. ತಿರುಗಿಸದೆ ಅಳಿಸಿದರೆ ಏನೂ ತೊಂದರೆಯಿಲ್ಲ. ತಿರುಗಿಸಿದರೆ ಮಾತ್ರ ಮುನಿಸು.

ಸರಿ, ಕೂತು ಆ ತಂತ್ರಾಂಶದವರು ಬಗ್‌ಗಳನ್ನು ಪಟ್ಟಿಮಾಡುವ ಜಾಲತಾಣದಲ್ಲಿ ವರದಿ ಬರೆದೆ. ಯಾವ ಆವೃತ್ತಿ, ಏನೇನು ಮಾಡಿದರೆ ಹೀಗಾಗುತ್ತೆ, ಏನಾಗಬೇಕಿತ್ತು, ಏನಾಯಿತು, ಎಲ್ಲಾ. ಸಬ್‌ಮಿಟ್ ಒತ್ತಿದ ಕೂಡಲೇ ಒಂದು ನಂಬರ್ ಬಂತು. ಅದರ ಪಕ್ಕದಲ್ಲಿ ಸ್ಟೇಟಸ್: ‘ಅನ್‌ಕನ್‌ಫರ್ಮ್ಡ್’. ಅಂದರೆ, ನೀವೇನೋ ಹೇಳ್ತಿದ್ದೀರಿ, ನಾವಿನ್ನೂ ನಂಬಿಲ್ಲ ಅಂತ.

ಅಲ್ಲಿಂದ ಹತ್ತಿತು ಚಟ. ಸ್ಟೇಟಸ್ ಬದಲಾದರೆ ಮೇಲ್ ಬರುತ್ತದೆ ಅಂತ ಗೊತ್ತು. ಆದರೂ ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ ಹೋಗಿ ನೋಡುವುದು. ಬೀಜ ಹಾಕಿದ ಹುಡುಗ ಮೊಳಕೆ ಬಂತಾ ಅಂತ ದಿನಾ ಮಣ್ಣು ಕೆದಕಿ ನೋಡುತ್ತಾನಲ್ಲ, ಹಾಗೆ.

ಸುಮ್ನೆ ನೋಡುತ್ತಾ ಕೂತವನಿಗೆ ಈ ಸ್ಟೇಟಸ್‌ಗಳ ಭಾಷೆ ನಿಧಾನಕ್ಕೆ ಅರ್ಥವಾಗತೊಡಗಿತು. ಇದರಲ್ಲಿ ಬಹಳಷ್ಟು ಮಾತು ಬಗ್‌ಜಿಲ್ಲಾದಿಂದ ಬಂದದ್ದು. ಬಗ್ ವರದಿಗಳ ಲೆಕ್ಕ ಇಡಲು 1998ರಲ್ಲಿ ಮೊಜಿಲ್ಲಾಗಾಗಿ (ಮುಂದೆ ಫೈರ್‌ಫಾಕ್ಸ್ ಬ್ರೌಸರ್ ತಂದವರು) ಟೆರ್ರಿ ವೈಸ್‌ಮನ್ ಬರೆದ ತಂತ್ರಾಂಶ ಅದು. ಅಲ್ಲಿ ‘ರಿಸಾಲ್ವ್ಡ್’ ಅಂತ ಕಂಡರೆ ಕುಣಿದಾಡಬೇಡಿ. ವಿಚಾರಣೆ ಮುಗಿಯಿತು ಅಂತಷ್ಟೇ ಅದರರ್ಥ, ಕೆಲಸ ಆಯಿತು ಅಂತಲ್ಲ. ತೀರ್ಪು ಏನು ಅನ್ನುವುದು ಪಕ್ಕದ ಪದದಲ್ಲಿದೆ. ‘ಫಿಕ್ಸ್ಡ್’ ಆದರೆ ಬದುಕಿದಿರಿ. ‘ಡೂಪ್ಲಿಕೇಟ್’ ಆದರೆ ನಿಮಗಿಂತ ಮುಂಚೆಯೇ ಯಾರೋ ಇದೇ ಗೋಳು ಹೇಳಿಕೊಂಡಿದ್ದಾರೆ. ‘ಇನ್‌ವ್ಯಾಲಿಡ್’ ಅಂದರೆ ಅದು ಬಗ್ಗೇ ಅಲ್ಲ, ಇರಬೇಕಾದ್ದೇ ಹಾಗೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ‘ವೋಂಟ್‌ಫಿಕ್ಸ್’ ಬಗ್ಗೆ ನನಗೆ ಗೌರವವಿದೆ. ಬಗ್ ಇದೆ, ಸರಿಮಾಡಲ್ಲ, ಮುಗೀತು. ಮುಖಕ್ಕೆ ಹೇಳುವವರು ಸಿಗುವುದು ಕಷ್ಟ.

ಮೈ ಉರಿಸುವುದು ‘ವರ್ಕ್ಸ್‌ಫಾರ್‌ಮಿ’. ನಮ್ಮಲ್ಲಿ ಸರಿಯಾಗೇ ಇದೆಯಲ್ಲ! ಹೊಟ್ಟೆನೋವು ಅಂತ ಹೋದವನಿಗೆ ಡಾಕ್ಟರು ತಮ್ಮ ಹೊಟ್ಟೆ ಮುಟ್ಟಿ ನೋಡಿಕೊಂಡು ‘ಏನಿಲ್ವಲ್ಲ’ ಅಂದಂತೆ.

ಕಾಯುವ ವಿಷಯದಲ್ಲಿ ನನ್ನದು ಏನೂ ಅಲ್ಲ ಬಿಡಿ. ಬೇರೆ ಕಿಟಕಿಗೆ ಹೋದರೂ ಮೊಜಿಲ್ಲಾ ಬ್ರೌಸರಿನ ಟೂಲ್‌ಟಿಪ್ (ಮೌಸ್ ಇಟ್ಟಾಗ ಮೂಡುವ ಪುಟ್ಟ ವಿವರಣೆ) ಪರದೆಯ ಮೇಲೆ ಅಂಟಿಕೊಂಡೇ ಇರುತ್ತೆ ಅಂತ 2002ರಲ್ಲಿ ಒಂದು ವರದಿ ಬಂದಿತ್ತು. ಅದು ಸರಿಯಾದದ್ದು 2023ರಲ್ಲಿ, ಫೈರ್‌ಫಾಕ್ಸ್‌ನಲ್ಲಿ. ವಿಂಡೋಸ್ ಬದಲು ಬಳಸಬಹುದಾದ, ಲಿನಕ್ಸ್ ಆಧಾರಿತ ಉಬುಂಟುವಿನ ಒಂದನೇ ನಂಬರ್ ಬಗ್ ಇನ್ನೂ ಮಜಾ. 2004ರಲ್ಲಿ ಉಬುಂಟು ಹುಟ್ಟುಹಾಕಿದ ಮಾರ್ಕ್ ಶಟಲ್‌ವರ್ತ್ ಬರೆದದ್ದು: ಮಾರುಕಟ್ಟೆಯಲ್ಲಿ ಮೈಕ್ರೋಸಾಫ್ಟ್‌ನದೇ ಸಿಂಹಪಾಲು, ಇದೇ ಬಗ್! 2013ರಲ್ಲಿ ಅವರೇ ಅದನ್ನು ಮುಚ್ಚಿದರು. ಅಷ್ಟರಲ್ಲಿ ಆಂಡ್ರಾಯ್ಡ್ ಫೋನು, ಟ್ಯಾಬ್ಲೆಟ್ ಎಲ್ಲಾ ಬಂದು ಲೆಕ್ಕವೇ ಬದಲಾಗಿತ್ತು. ಅದರಲ್ಲಿ ಉಬುಂಟುವಿನ ಪಾಲು ಅಷ್ಟಕ್ಕಷ್ಟೇ.

ಬಗ್ ಸರಿಯಾಗದಿದ್ದರೂ ಚಿಂತೆಯಿಲ್ಲ, ಬದುಕಿರಲಿ ಅನ್ನುವ ಹಂತವೂ ಬರುತ್ತದೆ. ಕೆಲವು ಕಡೆ ಒಂದು ಬಾಟ್ (ತಾನಾಗೇ ಕೆಲಸ ಮಾಡುವ ಪುಟ್ಟ ತಂತ್ರಾಂಶ) ಇಟ್ಟಿರುತ್ತಾರೆ. ಇಷ್ಟು ದಿನ ಯಾರೂ ಮಾತಾಡಿಲ್ಲ, ಹೀಗೇ ಇದ್ದರೆ ಮುಚ್ಚುತ್ತೇನೆ ಅಂತ ಅದು ನೋಟೀಸು ಅಂಟಿಸುತ್ತದೆ. ಕೂಡಲೇ ಯಾರಾದರೂ ಓಡಿಬಂದು ‘ಇನ್ನೂ ಇದೆ’ ಅಂತ ಬರೆಯಬೇಕು. ವರ್ಷಗಟ್ಟಲೆ ಬರೀ ಬಾಟ್ ಮತ್ತು ‘ಇನ್ನೂ ಇದೆ’ ಮಾತಾಡಿಕೊಂಡ ವರದಿಗಳನ್ನು ನೋಡಿದ್ದೇನೆ. ತಂತ್ರಾಂಶ ನೋಡಿಕೊಳ್ಳುವ ಆ ಕಡೆಯವರನ್ನು ಬಯ್ಯುವಂತೆಯೂ ಇಲ್ಲ. ಎಷ್ಟೋ ಕಡೆ ಇರುವವರೇ ಒಬ್ಬರೋ ಇಬ್ಬರೋ. ಕೆಲಸ ಮುಗಿಸಿ ಬಂದು ರಾತ್ರಿ ಹೊತ್ತು, ಸಂಬಳವಿಲ್ಲದೆ ನೋಡುವವರು.

ನನ್ನ ವರದಿಗೆ ಐದು ತಿಂಗಳಾದ ಮೇಲೆ ಯಾರೋ ಅಪರಿಚಿತರು ಒಂದು ಸಾಲು ಬರೆದರು: ‘ನನಗೂ ಹೀಗೇ ಆಗುತ್ತಿದೆ.’ ಸ್ಟೇಟಸ್ ‘ಕನ್‌ಫರ್ಮ್ಡ್’ ಆಯಿತು. ಫೋಟೋ ಆಗಲೂ ಹಿಂದಕ್ಕೇ ಹಾರುತ್ತಿತ್ತು, ಒಂದು ಸಾಲು ಕೋಡೂ ಬದಲಾಗಿರಲಿಲ್ಲ. ಆದರೂ ಆ ದಿನವೆಲ್ಲ ಖುಷಿಯಾಗಿದ್ದೆ. ನನ್ನ ಕಣ್ಣಲ್ಲಿ ದೋಷವಿಲ್ಲ ಅಂತ ಆಯಿತಲ್ಲ. ನಿಜ ಹೇಳಬೇಕೆಂದರೆ, ನನಗೆ ಬೇಕಿದ್ದದ್ದು ಅದೇ. ಅಂದಿನಿಂದ ದಿನಾ ಹೋಗಿ ನೋಡುವ ಚಟ ತಾನಾಗೇ ಬಿಟ್ಟುಹೋಯಿತು.

ನಾಲ್ಕು ವರ್ಷ ಕಳೆದ ಮೇಲೆ, ಮೊನ್ನೆ ಒಂದು ಮೇಲ್ ಬಂತು. ಹೊಸ ಆವೃತ್ತಿಯಲ್ಲಿ ಇದು ಇನ್ನೂ ಇದೆಯಾ, ಸ್ವಲ್ಪ ನೋಡಿ ಹೇಳುತ್ತೀರಾ ಅಂತ. ಹಾಕಿಕೊಂಡು ನೋಡಿದೆ. ತಿರುಗಿಸಿದೆ, ಅಳಿಸಿದೆ. ಮುಂದಿನ ಫೋಟೋ ಬಂತು. ಇನ್ನೊಮ್ಮೆ, ಮತ್ತೊಮ್ಮೆ. ಪ್ರತಿಸಲವೂ ಮುಂದಿನದೇ. ಬದಲಾವಣೆಗಳ ಪಟ್ಟಿಯಲ್ಲಿ ಇದರ ಸುದ್ದಿಯೇ ಇಲ್ಲ. ಯಾರೂ ಸರಿಮಾಡಿಲ್ಲ, ಆದರೆ ಸರಿಯಾಗಿದೆ. ಇರುವುದನ್ನು ಇರುವ ಹಾಗೆ ಬರೆದೆ: ‘ನನ್ನಲ್ಲಿ ಸರಿಯಾಗಿ ಕೆಲಸ ಮಾಡುತ್ತಿದೆ.’ ಕಳಿಸಿದ ಮೇಲೆ ಓದಿಕೊಂಡು ನಾಲಿಗೆ ಕಚ್ಚಿಕೊಂಡೆ. ಅಷ್ಟರಲ್ಲಿ ವರದಿಯ ನೆತ್ತಿಯ ಮೇಲೆ ‘ವರ್ಕ್ಸ್‌ಫಾರ್‌ಮಿ’ ಮುದ್ರೆ ಬಿದ್ದಿತ್ತು.

ಎರಡು ದಿನ ಬಿಟ್ಟು ಆ ಅಪರಿಚಿತರು ಮತ್ತೆ ಬಂದರು. ‘ನನಗೆ ಇನ್ನೂ ಹಾಗೇ ಆಗುತ್ತಿದೆ’ ಅಂತ ಒಂದೇ ಸಾಲು. ಕೆಳಗೆ ಯಾರೂ ಏನೂ ಹೇಳಿಲ್ಲ. ಸ್ಟೇಟಸ್ ಮಾತ್ರ ಈಗ ‘ರೀಓಪನ್ಡ್’. ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ ಹೋಗಿ ನೋಡಿ ಬರುತ್ತಿದ್ದೇನೆ.