ಬಲಕ್ಕೆ ಹೋಗಬೇಕೆ? ಎಡಕ್ಕೆ ತಿರುಗಿ!

ಬೆಂಗಳೂರಿನಲ್ಲಿ ಗಾಡಿ ಯಾವ ಕಡೆ ತಿರುಗಲಿದೆ ಎಂಬುದು ಓಡಿಸುವವನ ಖಾಸಗಿ ವಿಚಾರ. ಇಂಡಿಕೇಟರ್ ಹಾಕಿ ಗುಟ್ಟು ಬಿಟ್ಟುಕೊಟ್ಟಿರೋ, ನೀವು ನುಗ್ಗಬೇಕಿದ್ದ ಸಂದಿಗೆ ಪಕ್ಕದವನು ಮೊದಲು ನುಗ್ಗುತ್ತಾನೆ. ಹಾಗಾಗಿ ಬಲ್ಲವರು ಮೊದಲು ತಿರುಗುತ್ತಾರೆ, ಆಮೇಲೆ ಮನಸ್ಸಾದರೆ ಮಿನುಗಿಸುತ್ತಾರೆ. ಇನ್ನು ಕೆಲವರದು ಸದಾ ಮಿನುಗುತ್ತಲೇ ಇರುತ್ತದೆ. ಅದು ಹೋದ ವಾರ ರಾಜಾಜಿನಗರದಲ್ಲಿ ತಿರುಗಿದ್ದರ ಸವಿನೆನಪು.

ಕಾನೂನಿನಲ್ಲೇನೋ ಎಲ್ಲ ಚೊಕ್ಕವಾಗಿದೆ. ಎಡಕ್ಕೆ ಹೋಗುವವರು ಎಡ ಅಂಚು ಹಿಡಿಯಬೇಕು. ಬಲಕ್ಕೆ ಹೋಗುವವರು ಮೊದಲೇ ರಸ್ತೆಯ ನಡುವಿಗೆ ಸರಿದು, ಎದುರಿನವರಿಗೆ ದಾರಿ ಬಿಟ್ಟು ತಿರುಗಬೇಕು. 1989ರ ನಿಯಮಾವಳಿಯಲ್ಲಂತೂ ಎಡಕ್ಕೆ ತಿರುಗುವವನು ಬಲಗೈ ಹೊರಚಾಚಿ ಅಪ್ರದಕ್ಷಿಣವಾಗಿ ಸುತ್ತಿಸಬೇಕೆಂದಿತ್ತು. ಈಗ ಹಾಗೆ ಮಾಡಿದರೆ ಯಾರಿಗೋ ದೃಷ್ಟಿ ತೆಗೆಯುತ್ತಿದ್ದಾನೆ ಅಂದುಕೊಂಡಾರು. ನಮ್ಮ ಆಟೋದವರು ಈ ವಿಧಿಯನ್ನು ಎಂದೋ ಸರಳಗೊಳಿಸಿದ್ದಾರೆ: ಹವಾಯಿ ಚಪ್ಪಲಿ ಹಾಕಿದ ಕಾಲೊಂದು ಹೊರಬಂದರೆ ಸಿಗ್ನಲ್ ಕೊಟ್ಟಂತೆ. ಅರ್ಥವಾಗದೆ ಗುದ್ದಿದವರಿಗೆ ಒಂದೇ ಪ್ರಶ್ನೆ: "ಮನೇಲಿ ಹೇಳಿ ಬಂದಿದೀಯಾ?"

ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟು ಹಾಕಿಸುತ್ತಾರಲ್ಲ, ಅದರಲ್ಲಿ ಎಡವೂ ಇದೆ, ಬಲವೂ ಇದೆ. ಎದುರಿಗೆ ಬಿಎಂಟಿಸಿ ಬಸ್ಸು ಮಾತ್ರ ಇರುವುದಿಲ್ಲ.

ಸರ್ಕಲ್ಲಿನಲ್ಲಿ 'ಫ್ರೀ ಲೆಫ್ಟ್' ಬೋರ್ಡು ಇರುತ್ತದೆ. ಅದರ ಕೆಳಗೆ ನೇರ ಹೋಗುವವರು ಕೆಂಪು ದೀಪ ನೋಡುತ್ತಾ ಆರಾಮಾಗಿ ನಿಂತಿರುತ್ತಾರೆ. ಹಾರ್ನ್ ಹೊಡೆದರೆ ತಿರುಗಿ ನೋಡುವುದು ಹೆಲ್ಮೆಟ್ ಮಾತ್ರ, ಗಾಡಿಯಲ್ಲ.

ಬಲತಿರುವಿನ ಸಮಸ್ಯೆಗೆ ಆಡಳಿತ ಕಂಡುಕೊಂಡ ಪರಿಹಾರ ಇನ್ನೂ ಸೊಗಸು. ತಿರುವಿನಲ್ಲಿ ಜಾಮ್ ಆಗುತ್ತಿದೆಯೇ? ತಿರುವನ್ನೇ ಮುಚ್ಚಿ! ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ, ರಾತ್ರೋರಾತ್ರಿ ಡಿವೈಡರ್ ಸಂದಿಗೆ ಕಾಂಕ್ರೀಟ್ ದಿಮ್ಮಿ ಬರುತ್ತದೆ. ಈಗ ರಿಂಗ್ ರೋಡಿನಲ್ಲಿ ಎದುರುಗಡೆಯ ದರ್ಶಿನಿಯಲ್ಲಿ ಕಾಫಿ ಕುಡಿಯಬೇಕೆಂದರೆ ಅದಕ್ಕೆ ಕೈ ಮುಗಿದು ಮುಂದೆ ಹೋಗಬೇಕು. ಫ್ಲೈಓವರ್ ಕೆಳಗೆ ಯೂ-ಟರ್ನ್, ಅಲ್ಲಿ ನಿಮ್ಮಂಥವರದೇ ಮೂರು ಸಾಲು. ಹಾಗೂ ಹೀಗೂ ವಾಪಸ್ ಬಂದರೆ ಸರ್ವಿಸ್ ರಸ್ತೆಗೆ ಇಳಿಯುವ ಜಾಗ ಆಗಲೇ ಹಿಂದೆ ಸರಿದಿರುತ್ತದೆ. ಜಾಮ್ ನಿವಾರಣೆ ಆಗಿಲ್ಲವೆಂದು ಮಾತ್ರ ಹೇಳಬೇಡಿ. ಅದು ಮುಂದಿನ ಯೂ-ಟರ್ನಿಗೆ ವರ್ಗವಾಗಿದೆ.

ಅಷ್ಟು ತಾಳ್ಮೆ ಇಲ್ಲದವರು ರಾಂಗ್ ಸೈಡಲ್ಲೇ ಬರುತ್ತಾರೆ. ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿದ್ದರೆ ಅದೇ ಪರವಾನಗಿ, ಕೇಳಿದರೆ "ಇಲ್ಲೇ ಸಾರ್, ಮುಂದೇನೇ." ಮೊನ್ನೆ ಹಾಗೆ ಬಂದ ಸ್ಕೂಟರಿನವನೊಬ್ಬ, ತನ್ನ ಪಾಡಿಗೆ ನೇರ ಹೋಗುತ್ತಿದ್ದ ಕಾರಿನ ಮೂಗಿಗೆ ಗಕ್ಕನೆ ಬ್ರೇಕ್ ಹಾಕಿ ನಿಂತ. ಕಾರಿನವರು ಗಾಜು ಇಳಿಸಿ ಬಾಯಿ ತೆರೆಯುವ ಮುಂಚೆ ಇವನೇ ರೇಗಿದ:

"ಏನ್ ಸಾರ್ ನೀವು, ಸ್ಟ್ರೈಟ್ ಹೋಗೋದಾದ್ರೆ ಒಂದು ಇಂಡಿಕೇಟರ್ ಹಾಕೋದಲ್ವಾ?"