‘ಹೆಚ್ಚುವರಿ ಗೋಮಾಳ’ ಎಂಬ ಮಾತಿನ ಬಗ್ಗೆ

ಚಿಂತಾಮಣಿ ತಾಲ್ಲೂಕಿನ ನಮ್ಮೂರ ಹಿಂದಿನ ಗೋಮಾಳಕ್ಕೆ, ಎಂದರೆ ದನಕರು ಮೇಯಲು ಬಿಟ್ಟ ಸರ್ಕಾರಿ ಜಮೀನಿಗೆ, ಕಳೆದ ತಿಂಗಳು ಸರ್ವೆಯವರು ಬಂದು, ಸರಪಳಿ ಹಿಡಿದು ಅಳೆದು, ಬಂಡೆಗಳ ಮೇಲೆ ಸುಣ್ಣದ ಗುರುತು ಹಾಕಿ ಹೋದರು. ಏಕೆಂದು ಕೇಳಿದವರಿಗೆ ಸಿಕ್ಕಿದ್ದು ಒಂದೇ ಉತ್ತರ: ಊರಿನ ಜಾನುವಾರುಗಳ ಲೆಕ್ಕಕ್ಕೆ ನೋಡಿದರೆ ಇಲ್ಲಿ ಗೋಮಾಳ ಹೆಚ್ಚುವರಿಯಾಗಿದೆ. ಅದನ್ನು ಯಾರಿಗೆ, ಯಾವ ಬೆಲೆಗೆ ಕೊಡುತ್ತಾರೆ ಎಂಬುದನ್ನು ಇದುವರೆಗೆ ಯಾರೂ ಬಾಯಿಬಿಟ್ಟು ಹೇಳಿಲ್ಲ. ಆದರೆ ಆ ಗುರುತು ಬಿದ್ದ ವಾರದಿಂದಲೇ ಅಪರಿಚಿತ ಕಾರುಗಳು ಬಂದು ನಿಂತು, ಇಳಿದವರು ಸುತ್ತಲಿನ ಪಟ್ಟಾ ಜಮೀನುಗಳ ದರ ವಿಚಾರಿಸತೊಡಗಿದ್ದಾರೆ. ನಮಗಿಂತ ಮೊದಲು ಅವರಿಗೆ ವಿಷಯ ತಿಳಿದದ್ದು ಹೇಗೋ!

ಈ ‘ಹೆಚ್ಚುವರಿ’ ಎಂಬ ಪದ ಹುಟ್ಟಿಕೊಳ್ಳುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 1966ರ ಕರ್ನಾಟಕ ಭೂ ಕಂದಾಯ ನಿಯಮಗಳ 97ನೆಯ ನಿಯಮದ ಪ್ರಕಾರ ಪ್ರತಿ ನೂರು ಜಾನುವಾರುಗಳಿಗೆ 12 ಹೆಕ್ಟೇರ್, ಎಂದರೆ ಸುಮಾರು 30 ಎಕರೆ ಜಮೀನನ್ನು ಉಚಿತ ಮೇವಿಗಾಗಿ ಪ್ರತಿಯೊಂದು ಊರಿನಲ್ಲೂ ಕಾಯ್ದಿರಿಸಬೇಕು. ಊರಿನ ದನಕರುಗಳಿಗೆ ಇಷ್ಟಾದರೂ ಇರಲಿ ಎಂದು ಬರೆದ ಕನಿಷ್ಠದ ಲೆಕ್ಕ ಇದು. ಈಗ ಅದನ್ನೇ ತಲೆಕೆಳಗು ಮಾಡಿ, ಇದಕ್ಕಿಂತ ಜಾಸ್ತಿ ಇರುವುದೆಲ್ಲ ಬೇಡದ ಜಮೀನು ಎಂದು ಓದಲಾಗುತ್ತಿದೆ. ದನಗಳ ಸಂಖ್ಯೆ ಇಳಿಯಲು ಕಾರಣವೇನು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಮೇಯಲು ಜಾಗವಿಲ್ಲದೆ ನಾಟಿ ಹಸುಗಳನ್ನು ಮಾರಿದ ಮನೆಗಳು ನಮ್ಮ ಬೀದಿಯಲ್ಲೇ ಹತ್ತಾರು ಇವೆ. ಒಂದು ಅಂಚಿನಲ್ಲಿ ಒತ್ತುವರಿ, ಇನ್ನೊಂದು ಅಂಚಿನಲ್ಲಿ ಕಲ್ಲು ಕ್ವಾರಿ, ನಡುವೆ ಯಾರೋ ನೆಟ್ಟ ನೀಲಗಿರಿ. ಹೀಗೆ ಗೋಮಾಳ ಕರಗಿದಷ್ಟೂ ದನ ಕರಗಿತು, ದನ ಕರಗಿದಷ್ಟೂ ಉಳಿದ ಗೋಮಾಳ ಹೆಚ್ಚುವರಿಯಾಯಿತು. ಈ ಲೆಕ್ಕ ಇದೇ ರೀತಿ ಮುಂದುವರಿದರೆ ಕೊನೆಯ ಹಸುವನ್ನು ಮಾರಿದ ದಿನ ಇಡೀ ಗೋಮಾಳವೇ ಹೆಚ್ಚುವರಿ ಎಂದಾಗುತ್ತದೆ.

ಸೀಮೆಹಸುಗಳು ಬಂದ ಮೇಲೆ ಕೊಟ್ಟಿಗೆಯಲ್ಲೇ ಮೇವು ಹಾಕಿ ಸಾಕುತ್ತಾರೆ, ಡೇರಿಗೆ ಹಾಲೂ ಹೋಗುತ್ತಿದೆ, ಇನ್ನು ಗೋಮಾಳ ಯಾರಿಗೆ ಬೇಕು ಎಂಬ ವಾದವನ್ನು ಓದಿದವರ ಬಾಯಲ್ಲೂ ಕೇಳಿದ್ದೇನೆ. ಬೋರ್‌ವೆಲ್ಲಿನಲ್ಲಿ ನೀರಿದ್ದು, ಜೋಳದ ಕಡ್ಡಿ ಬೆಳೆದುಕೊಳ್ಳುವವರಿಗೆ ಬೇಡ, ನಿಜ. ಆದರೆ ಇಪ್ಪತ್ತು ಕುರಿ, ನಾಲ್ಕು ಮೇಕೆ ಬಿಟ್ಟರೆ ಬೇರೇನೂ ಇಲ್ಲದ ಮನೆಗೆ ಅದೇ ಹೊಲ, ಅದೇ ಬ್ಯಾಂಕು. ಸರ್ವೆಯವರು ಹೋದ ಸಂಜೆ ನಮ್ಮೂರಿನ ಹಿರಿಯ ಕುರಿಗಾಹಿಯೊಬ್ಬರು ಅರಳಿಕಟ್ಟೆಯ ಮೇಲೆ ಕೂತು ನನ್ನನ್ನು ಕೇಳಿದ್ದು ಇಷ್ಟೇ: “ಅಲ್ಲಪ್ಪಾ, ಕುರಿ ರಸ್ತೆ ಮೇಲೆ ಮೇಯ್ತವಾ?” ಗೋಮಾಳವೆಂದರೆ ಬರಿಯ ಹುಲ್ಲೂ ಅಲ್ಲ. ಸೌದೆ, ಹೊಂಗೆ ಬೀಜ, ಸೀತಾಫಲ, ಪೊರಕೆಗೆ ಈಚಲು ಗರಿ, ಇವೆಲ್ಲ ಅಲ್ಲಿಂದಲೇ ಬರಬೇಕು. ಅದಕ್ಕಿಂತ ಮುಖ್ಯವಾಗಿ, ನಮ್ಮೂರ ಕೆರೆಗೆ ಮಳೆನೀರು ಇಳಿದು ಬರುವುದು ಆ ಇಳಿಜಾರಿನಿಂದ. ಅದನ್ನು ಸಮತಟ್ಟು ಮಾಡಿ ಲೇಔಟ್ ಎಬ್ಬಿಸಿದರೆ ಕೆರೆಯ ಏರಿ ಉಳಿಯಬಹುದು, ಕೆರೆ ಉಳಿಯುವುದಿಲ್ಲ.

ಕೆರೆಯ ಮಾತು ಬಂದದ್ದರಿಂದ ಒಂದು ವಿಷಯವನ್ನು ನೆನಪಿಸಲೇಬೇಕು. ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಬರಗಾಲದ ಮೇಲೆ ಬರಗಾಲ ಬಂದು ಕೆರೆಗಳು ಒಣಗಿ, ಜಾಲಿಯ ಕಾಡಾಗಿದ್ದ ದಿನಗಳಲ್ಲಿ, “ಇವು ಸತ್ತ ಕೆರೆಗಳು, ಇನ್ನು ತುಂಬುವುದಿಲ್ಲ, ಬೇರೆ ಉಪಯೋಗಕ್ಕೆ ಕೊಡಿ” ಎಂದವರು ಕಡಿಮೆಯಿರಲಿಲ್ಲ. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂದು ಬಿತ್ತು. ಮೊದಲ ಹಂತದಲ್ಲಿ 126 ಕೆರೆಗಳನ್ನು ತುಂಬಿಸುವ ಯೋಜನೆ ಅದು. ಆ ನೀರಿನ ಗುಣಮಟ್ಟದ ಬಗ್ಗೆ, ಮೂರನೆಯ ಹಂತದ ಶುದ್ಧೀಕರಣ ಆಗಲೇಬೇಕೆಂಬ ಬೇಡಿಕೆಯ ಬಗ್ಗೆ ನನಗೂ ತಕರಾರುಗಳಿವೆ, ಅದನ್ನು ಬೇರೆಯಾಗಿಯೇ ಬರೆಯಬೇಕು. ಇಲ್ಲಿ ನಾನು ಹೇಳಬೇಕಾದದ್ದು ಇಷ್ಟು: ‘ಸತ್ತ’ ಕೆರೆಗಳ ಅಂಗಳವನ್ನು ಅಂದೇ ಸೈಟು ಮಾಡಿ ಮಾರಿಬಿಟ್ಟಿದ್ದರೆ ಆ ನೀರನ್ನು ನಿಲ್ಲಿಸಲು ಜಾಗವೇ ಇರುತ್ತಿರಲಿಲ್ಲ. ಇವತ್ತು ನಿರುಪಯೋಗಿಯಾಗಿ ಕಾಣುವ ಸಾರ್ವಜನಿಕ ಜಮೀನು ಮೂವತ್ತು ವರ್ಷದ ನಂತರ ಯಾವುದಕ್ಕೆ ಬೇಕಾಗುತ್ತದೆ ಎಂದು ಹೇಳುವ ಶಕ್ತಿ ಯಾವ ಅಧಿಕಾರಿಗೂ ಇಲ್ಲ, ನನಗೂ ಇಲ್ಲ. ಅದಕ್ಕಾಗಿಯೇ ನಾನು ಮಾರಾಟವನ್ನು ವಿರೋಧಿಸುವುದು.

ಸರ್ಕಾರಿ ಜಮೀನನ್ನು ಸರ್ಕಾರ ಮಾರಿದರೆ ತಪ್ಪೇನು, ಅದು ಅದರ ಆಸ್ತಿಯಲ್ಲವೇ ಎಂದು ಕೇಳುವವರಿದ್ದಾರೆ. ಪಹಣಿಯಲ್ಲಿ ‘ಸರ್ಕಾರಿ’ ಎಂದು ಬರೆದಿರುತ್ತದೆ ಎಂಬುದು ಸರಿ. ಆದರೆ ನದಿ, ಕಾಡುಗಳಂಥ ಸಂಪತ್ತಿಗೆ ಸರ್ಕಾರ ಮಾಲೀಕನಲ್ಲ, ಜನರ ಪರವಾಗಿ ನಿಂತ ಧರ್ಮದರ್ಶಿ ಎಂಬ ತತ್ವವನ್ನು ಸುಪ್ರೀಂ ಕೋರ್ಟು 1996ರಲ್ಲಿಯೇ ಕಮಲ್ ನಾಥ್ ಪ್ರಕರಣದಲ್ಲಿ ಎತ್ತಿ ಹಿಡಿದಿದೆ. 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರೊಟ್ಟಿನ ಜಮೀನುಗಳ ಒತ್ತುವರಿಯನ್ನು ತೆರವುಗೊಳಿಸಿ ಊರಿನ ಸಾಮಾನ್ಯ ಬಳಕೆಗೆ ಮರಳಿಸುವ ಯೋಜನೆ ರೂಪಿಸಬೇಕೆಂದು ಎಲ್ಲ ರಾಜ್ಯಗಳಿಗೂ ಅದೇ ನ್ಯಾಯಾಲಯ ನಿರ್ದೇಶಿಸಿತು. ಅದು ಪಂಜಾಬಿನ ಒಂದು ಊರಿನ ಕೊಳದ ಪ್ರಕರಣ, ಆದರೆ ತೀರ್ಪು ನಮ್ಮೂರಿಗೂ ಅನ್ವಯಿಸುತ್ತದೆ. ಸಾರ್ವಜನಿಕ ಜಮೀನುಗಳನ್ನು ಕಾಯಲೆಂದೇ ನಮ್ಮ ರಾಜ್ಯ 2008ರಲ್ಲಿ ಒಂದು ನಿಗಮವನ್ನೇ ಮಾಡಿಕೊಂಡಿತು. 2022ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟವು ಸರ್ಕಾರಿ ಉದ್ದಿಮೆಗಳ ಹೆಚ್ಚುವರಿ ಜಮೀನನ್ನು ನಗದು ಮಾಡಿಕೊಳ್ಳಲು 5,000 ಕೋಟಿ ರೂಪಾಯಿ ಅಧಿಕೃತ ಬಂಡವಾಳದ ಮತ್ತೊಂದು ನಿಗಮಕ್ಕೆ ಒಪ್ಪಿಗೆ ಕೊಟ್ಟಿತು. ಒಂದರ ಕೆಲಸ ಕಾಯುವುದು, ಇನ್ನೊಂದರದು ಮಾರುವುದು. ಅಲ್ಲಿಯೂ ‘ಹೆಚ್ಚುವರಿ’ ಎಂಬ ಪದವೇ ಕೆಲಸ ಮಾಡುತ್ತಿದೆ ಎಂಬುದನ್ನು ಗಮನಿಸಿ.

ಕೈಗಾರಿಕೆಗೆ ಜಮೀನೇ ಕೊಡಬಾರದು ಎಂದು ನಾನು ಹೇಳುತ್ತಿಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಬಂದಿದೆ, ಅದು ಸಾರ್ವಜನಿಕ ಉದ್ದಿಮೆ. ಖಾಸಗಿಯವರಿಗೂ ಕೊಡಲೇಬೇಕಾದ ಸಂದರ್ಭವಿದ್ದರೆ ಗುತ್ತಿಗೆಗೆ ಕೊಡಲಿ, ಅವಧಿ ಮುಗಿದಾಗ ಅಥವಾ ಕಾರ್ಖಾನೆ ಮುಚ್ಚಿದಾಗ ಜಮೀನು ಊರಿಗೆ ಮರಳಲಿ. ಗುತ್ತಿಗೆಯ ಬೆನ್ನಿಗೇ ಮಾರಾಟವನ್ನು ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಬಳ್ಳಾರಿಯಲ್ಲಿ ಜಿಂದಾಲ್ ಉಕ್ಕಿನ ಕಂಪನಿಗೆ ಕೊಟ್ಟ 3,667 ಎಕರೆಯ ಕಥೆಯಿದೆ. 2019ರಿಂದ 2024ರವರೆಗೆ ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಅದರ ಮಾರಾಟದ ಪ್ರಸ್ತಾವವನ್ನು ಕೈಗೆತ್ತಿಕೊಂಡವು. ವಿರೋಧ ಪಕ್ಷದಲ್ಲಿ ಕೂತಾಗ ಬೇಡವೆಂದವರೇ ಅಧಿಕಾರಕ್ಕೆ ಬಂದಾಗ ಬೇಕೆಂದದ್ದನ್ನೂ ನಾವು ಕಂಡೆವು.

ಹಾಗೆಯೇ, ಭೂಮಿಯಿಲ್ಲದ ಬಡವರು ಎರಡು ಎಕರೆ ಬಗರ್‌ಹುಕುಂ ಮಾಡಿಕೊಂಡು, ಎಂದರೆ ಮಂಜೂರಾತಿಯಿಲ್ಲದೆ ಸರ್ಕಾರಿ ಜಮೀನು ಉತ್ತುಕೊಂಡು, ಅದನ್ನು ಸಕ್ರಮ ಮಾಡಿಕೊಡಿ ಎಂದು ಫಾರಂ 57 ಹಾಕಿ, ಸಾಗುವಳಿ ಚೀಟಿಗಾಗಿ ವರ್ಷಗಟ್ಟಲೆ ಕಾಯುತ್ತಿರುವುದನ್ನು ಈ ಮಾರಾಟದ ಜೊತೆ ಸೇರಿಸಿ ಮಾತಾಡಬೇಡಿ. ಅವರ ಅರ್ಜಿಗೆ “ಇದು ಗೋಮಾಳ, ಕೊಡಲು ಬರುವುದಿಲ್ಲ” ಎಂದ ಬಾಯಿಯೇ ದೊಡ್ಡವರು ಬಂದಾಗ “ಹೆಚ್ಚುವರಿ ಇದೆ” ಎನ್ನುತ್ತದೆ.

ಇದು ಗಾಳಿಮಾತಲ್ಲ. ನಾಲ್ಕು ವರ್ಷಗಳ ಹಿಂದೆ ನಮ್ಮೂರಿನ ಕಾಲೋನಿಯವರು ಹೆಣ ಹೂಳಲು ಒಂದು ಎಕರೆ ಸ್ಮಶಾನ ಕೇಳಿ ಅರ್ಜಿ ಕೊಟ್ಟಿದ್ದರು, ಅದನ್ನು ಬರೆದುಕೊಟ್ಟವನು ನಾನೇ. ಎಂಟು ತಿಂಗಳ ಮೇಲೆ ಬಂದ ಹಿಂಬರಹದಲ್ಲಿ, ಗ್ರಾಮದಲ್ಲಿ ಸೂಕ್ತ ಸರ್ಕಾರಿ ಜಮೀನು ಲಭ್ಯವಿಲ್ಲ ಎಂದಿತ್ತು. ಸರ್ಕಾರಿ ಜಮೀನಿಲ್ಲದ ಊರುಗಳಲ್ಲಿ ಸ್ಮಶಾನಕ್ಕಾಗಿ ಸರ್ಕಾರವೇ ಖಾಸಗಿಯವರಿಂದ ಜಮೀನು ಕೊಳ್ಳುವ ಪರಿಸ್ಥಿತಿ ನಮ್ಮ ರಾಜ್ಯದಲ್ಲಿದೆ. ಇಂದು ಮಾರಿದ್ದನ್ನು ನಾಳೆ ಹತ್ತರಷ್ಟು ಬೆಲೆಗೆ ಕೊಳ್ಳಬೇಕಾಗುತ್ತದೆ, ಎರಡು ಸಲವೂ ಖರ್ಚಾಗುವುದು ನಮ್ಮದೇ ಗಂಟು.

ಆ ಹಿಂಬರಹವನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಅದರ ಜೊತೆಗೆ ಗ್ರಾಮ ನಕಾಶೆಯ ದೃಢೀಕೃತ ಪ್ರತಿಯನ್ನೂ, ಗೋಮಾಳದ ಸರ್ವೆ ನಂಬರಿನ ಹಳೆಯ ಪಹಣಿಗಳನ್ನೂ ತೆಗೆಸಿದ್ದೇನೆ. ಮುಂದಿನ ಗ್ರಾಮಸಭೆಯಲ್ಲಿ ಆ ಜಮೀನನ್ನು ಯಾರಿಗೂ ಮಾರಕೂಡದು, ಅದರಲ್ಲಿ ಒಂದು ಎಕರೆಯನ್ನು ಸ್ಮಶಾನಕ್ಕೆ ಗುರುತಿಸಬೇಕು ಎಂದು ನಿರ್ಣಯ ಬರೆಸಲು ಕೇಳಲಿದ್ದೇವೆ. ನಿಮ್ಮೂರಲ್ಲೂ ಸುಣ್ಣದ ಗುರುತು ಬಿದ್ದಿದ್ದರೆ ಮೊದಲು ನಕಾಶೆ ತೆಗೆಸಿಕೊಳ್ಳಿ. ಅರ್ಜಿ ಬರೆಯಲು ಗೊತ್ತಾಗದಿದ್ದರೆ ನನಗೆ ತಿಳಿಸಿ, ಬರೆದುಕೊಡುತ್ತೇನೆ.