ಆ ಚುಕ್ಕಿ ಮೊದಲು ಇತ್ತಾ?

ಕೆಲವು ವರ್ಷಗಳ ಹಿಂದೆ ನಾನೂ ಒಂದು ಸೂಪರ್‌ನೋವಾ, ಅಂದ್ರೆ ಸಿಡಿದು ಸಾಯೋ ನಕ್ಷತ್ರ, ಕಂಡುಹಿಡಿದಿದ್ದೆ. ಇಪ್ಪತ್ತು ನಿಮಿಷದ ಮಟ್ಟಿಗೆ.

ಶಿರಾ ಹತ್ತಿರ ಗೆಳೆಯನ ತೋಟ. ಮಾರ್ಚ್ ತಿಂಗಳು, ಸಿಂಹ ರಾಶಿ ನೆತ್ತಿಯ ಮೇಲಿತ್ತು. ಎಂ66 ಅನ್ನೋ ಗ್ಯಾಲಕ್ಸಿಯ ಫೋಟೊ ತೆಗೆದು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿದರೆ ಅಂಚಿನಲ್ಲೊಂದು ಚುಕ್ಕಿ. ಹಳೇ ಫೋಟೊದಲ್ಲಿ ಅದಿಲ್ಲ. ಎದೆ ಡವಡವ. ಮಲಗಿದ್ದ ಗೆಳೆಯನನ್ನು ಎಬ್ಬಿಸಿದೆ. ಅವನು ಕಣ್ಣು ಸಹ ಬಿಡದೆ, "ಮೊದಲನೇ ಫ್ರೇಮು, ಕೊನೇ ಫ್ರೇಮು ಎರಡೂ ಹಾಕಿ ನೋಡಿದ್ಯೇನೋ?" ಅಂದ. ನೋಡಿರಲಿಲ್ಲ. ನೋಡಿದೆ. ನಲವತ್ತು ನಿಮಿಷದಲ್ಲಿ ಚುಕ್ಕಿ ಒಂಚೂರು ಜರುಗಿತ್ತು. ನಕ್ಷತ್ರ ಹಾಗೆ ಜರುಗಲ್ಲ. ಅದು ನಮ್ಮ ಸೌರವ್ಯೂಹದ್ದೇ ಒಂದು ಕ್ಷುದ್ರಗ್ರಹ, ದಾರಿಯಲ್ಲಿ ಅಡ್ಡ ಬಂದಿತ್ತು ಅಷ್ಟೇ. "ಈಗಾದ್ರೂ ಮಲಗ್ತೀಯಾ?" ಅಂದ.

ಅವತ್ತಿನಿಂದ ನನಗೆ ಜಪಾನಿನ ಕೋಯಿಚಿ ಇಟಗಾಕಿ ಅಂದ್ರೆ ಒಂಥರಾ ಭಕ್ತಿ. ಹವ್ಯಾಸಕ್ಕೆ ಆಕಾಶ ನೋಡುವ ಮನುಷ್ಯ, ಆದರೆ 170ಕ್ಕೂ ಹೆಚ್ಚು ಸೂಪರ್‌ನೋವಾ ಅವರ ಲೆಕ್ಕದಲ್ಲಿವೆ. 2023ರ ಮೇ 19, ನಮ್ಮಲ್ಲಿ ರಾತ್ರಿ ಸುಮಾರು ಹನ್ನೊಂದು ಗಂಟೆ. ಎಂ101 ಗ್ಯಾಲಕ್ಸಿಯ ಒಂದು ಸುರುಳಿಯಲ್ಲಿ ಹೊಸ ಚುಕ್ಕಿ ಅವರ ಕಣ್ಣಿಗೆ ಬಿತ್ತು.

ಎಂ101 ಎಲ್ಲಿದೆ ಅಂದ್ರೆ, ಸಪ್ತರ್ಷಿ ಮಂಡಲದ ಬಾಲದ ಹತ್ತಿರ. ಮದುವೆಯಲ್ಲಿ ಹಾಡಹಗಲೇ ಬೆರಳೆತ್ತಿ ತೋರಿಸ್ತಾರಲ್ಲ ಅರುಂಧತಿ, ಅದರ ಪಕ್ಕದ ಓಣಿ ಅಂದುಕೊಳ್ಳಿ. ಜಾತ್ರೆಯಲ್ಲಿ ಮಾರುವ ಕಾಗದದ ಗಿರಗಿಟ್ಲೆಯ ಹಾಗೆ ಕಾಣುತ್ತದೆ. ದೂರ ಸುಮಾರು 2 ಕೋಟಿ 10 ಲಕ್ಷ ಜ್ಯೋತಿರ್ವರ್ಷ. ಮೇ ತಿಂಗಳಲ್ಲಿ ಕ್ಯಾಮೆರಾ ಇರೋರೆಲ್ಲ ಇದರ ಫೋಟೊ ತೆಗೀತಾರೆ. ಇಟಗಾಕಿಗಿಂತ ಎಷ್ಟೋ ಗಂಟೆ ಮೊದಲು ತೆಗೆದ ಬೇರೆಯವರ ಫೋಟೊಗಳಲ್ಲೂ ಆ ಚುಕ್ಕಿ ಇತ್ತು ಅಂತ ಆಮೇಲೆ ಗೊತ್ತಾಯಿತು. ಚುಕ್ಕಿ ಅವರವರ ಹಾರ್ಡ್‌ಡಿಸ್ಕಿನಲ್ಲೇ ಕೂತಿತ್ತು. ಮೊದಲು ಇತ್ತಾ, ಇಲ್ವಾ ಅಂತ ಕೇಳಿದವರು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ನನಗೆ ಅದಕ್ಕಿಂತ ಇಷ್ಟವಾಗೋದು ಮುಂದಿನ ಭಾಗ. ಹೀಗೆ ವರದಿಯಾದ ಚುಕ್ಕಿಗೆ ಮೊದಲು 'ಎಟಿ' ಅಂತ ಹೆಸರಿನ ಮುಂದೆ ಹಚ್ಚುತ್ತಾರೆ. ಆಕಾಶದಲ್ಲಿ ಏನೋ ಬದಲಾಗಿದೆ, ಏನು ಅಂತ ಇನ್ನೂ ಗೊತ್ತಿಲ್ಲ ಅನ್ನೋ ಅರ್ಥ. ದೊಡ್ಡ ಟೆಲಿಸ್ಕೋಪಿನವರು ಅದರ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿ ಹೌದು ಅಂದಮೇಲೇ 'ಎಸ್ಎನ್' ಪಟ್ಟ. (ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೂ ಈ 'ಎಟಿ' ಬಂದರೆ ಎಷ್ಟು ಚೆನ್ನ, ಅಲ್ವಾ?) ಇಲ್ಲಿ ಆ ಕೆಲಸ ಕೆಲವೇ ಗಂಟೆಗಳಲ್ಲಿ ಮುಗಿಯಿತು. ಲಾ ಪಾಲ್ಮಾ ದ್ವೀಪದ ಲಿವರ್‌ಪೂಲ್ ಟೆಲಿಸ್ಕೋಪಿನಲ್ಲಿ ಹೈಡ್ರೋಜನ್ನಿನ ಗುರುತು ಸಿಕ್ಕಿತು. ಅಂದರೆ ಟೈಪ್ 2, ದೊಡ್ಡ ನಕ್ಷತ್ರವೊಂದರ ಒಡಲು ಕುಸಿದು ಆದ ಸ್ಫೋಟ. ಹೆಸರು ಎಸ್ಎನ್ 2023ಐಎಕ್ಸ್‌ಎಫ್.

ಈ ಖಾತ್ರಿ ಮಾಡೋ ಕೆಲಸವನ್ನು ಸುಮ್ನೆ ಸೀಲು ಒತ್ತೋ ಗುಮಾಸ್ತಿಕೆ ಅಂತ ತುಂಬ ಜನ ತಿಳಿದಿದ್ದಾರೆ. ನಾನು ಒಪ್ಪಲ್ಲ. ಆ ನಕ್ಷತ್ರ ಸಾಯೋ ಮೊದಲಿನ ವರ್ಷಗಳಲ್ಲಿ ತನ್ನ ಸುತ್ತ ಅನಿಲ ಉಗುಳಿತ್ತು. ಸ್ಫೋಟದ ಬೆಳಕು ಬಿದ್ದು ಆ ಅನಿಲ ಹೊಳೆಯಿತು. ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನಲ್ಲಿ ಸಣ್ಣ ಚೂಪು ಗೆರೆಗಳಾಗಿ ಕಂಡಿತು. ಕೆಲವೇ ದಿನ, ಆಮೇಲೆ ಮಾಯ. ಖಾತ್ರಿ ಮಾಡೋರು 'ಮುಂದಿನ ವಾರ ನೋಡೋಣ' ಅಂದಿದ್ದರೆ ನಕ್ಷತ್ರದ ಕೊನೇ ದಿನಗಳ ಸಾಕ್ಷಿಯೇ ಕೈತಪ್ಪುತ್ತಿತ್ತು.

ಅದನ್ನು ಹಿಡಿದವರಲ್ಲಿ ನಮ್ಮೂರಿನವರೂ ಇದ್ದಾರೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ತಂಡ ಲಡಾಖಿನ ಹಾನ್ಲೆಯಲ್ಲಿರುವ ಹಿಮಾಲಯನ್ ಚಂದ್ರ ಟೆಲಿಸ್ಕೋಪಿನಿಂದ ಇದನ್ನು ನೋಡಿತು. ಅದರ ಕನ್ನಡಿ 2 ಮೀಟರ್ ಅಗಲ, ಜಾಗ ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರ. ಅದನ್ನು ನಡೆಸೋದು ಎಲ್ಲಿಂದ ಗೊತ್ತಾ? ಹೊಸಕೋಟೆಯಿಂದ, ಉಪಗ್ರಹದ ಸಂಪರ್ಕದಲ್ಲಿ. ಬೆಳಗಿನ ಜಾವ ನಾಲ್ಕಕ್ಕೆ ಹೊಸಕೋಟೆಯಲ್ಲಿ ಬಿರಿಯಾನಿಗೆ ಕ್ಯೂ ನಿಂತವರು ನನ್ನ ಫ್ರೆಂಡ್ ಲಿಸ್ಟಿನಲ್ಲಿ ಜಾಸ್ತಿ ಇದ್ದೀರಿ. ಅದೇ ಹೊತ್ತಿಗೆ ಅದೇ ಊರಲ್ಲಿ ಯಾರೋ ಹಾನ್ಲೆಯ ಆಕಾಶ ನೋಡ್ತಾ ಕೂತಿರ್ತಾರೆ ಅನ್ನೋದು ಎಷ್ಟು ಜನಕ್ಕೆ ಗೊತ್ತಿತ್ತು? ನನಗಂತೂ ಐದಾರು ಸಲ ಬಿರಿಯಾನಿ ತಿಂದಮೇಲೆ ಗೊತ್ತಾಗಿದ್ದು.

ಆ ಮೇ ಕೊನೆಗೆ ಮೋಡ ಸರಿದ ಒಂದು ರಾತ್ರಿ ನಾನೂ ಎಂ101 ಫೋಟೊ ತೆಗೆದೆ. ಅಷ್ಟರಲ್ಲಿ ಚುಕ್ಕಿ ಸಣ್ಣ ಟೆಲಿಸ್ಕೋಪಿಗೂ ಸಿಗುವಷ್ಟು ಬೆಳಗಿತ್ತು. ಏಪ್ರಿಲ್‌ನಲ್ಲಿ ತೆಗೆದದ್ದೂ ಇತ್ತು. ಎರಡನ್ನೂ ಒಂದರ ಮೇಲೊಂದಿಟ್ಟು ಅಮ್ಮನಿಗೆ ತೋರಿಸಿದೆ. ಇಲ್ಲ, ಇದೆ, ಇಲ್ಲ, ಇದೆ. ನಕ್ಷತ್ರ ಸತ್ತ ಕಥೆಯನ್ನೆಲ್ಲ ಹೇಳಿದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, "ಸ್ಕ್ರೀನ್ ಮೇಲೆ ಧೂಳು ಕೂತಿರಬೇಕು, ಒರೆಸಿ ನೋಡು" ಅಂದರು.

ಒರೆಸಿದೆ. ಇತ್ತು.